32 ದೃಶ್ಯ, 24 ಪಾತ್ರ: ನನ್ನ ನಾಟಕ ರಂಗದ ಮೇಲೆ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿ ಹೈಸ್ಕೂಲ್ ಶಿಕ್ಷಕ. ಹಳೇ ಊರಿನಲ್ಲಿದ್ದ ನಮ್ಮ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಆಯಿತು. ತೊಲೆ, ಬಾಗಿಲು, ಕಿಟಕಿ ಎಲ್ಲ ಬಿಚ್ಚಿಕೊಂಡು ಹೋದೆವು. ಪರಿಹಾರದ ದುಡ್ಡಿನ ವಿಷಯಕ್ಕೆ ನಮ್ಮಪ್ಪ, ದೊಡ್ಡಪ್ಪ ಮಾತು ಬಿಟ್ಟರು. ಇದನ್ನೇ ನಾಟಕ ಮಾಡಿದ್ದೇನೆ. 1964ರ ಅಣೆಕಟ್ಟಿನ ಶಂಕುಸ್ಥಾಪನೆಯಿಂದ ಶುರುವಾಗಿ ಇವತ್ತಿನವರೆಗೆ ಬರುತ್ತದೆ. 118 ಪುಟ, 32 ದೃಶ್ಯ, 14 ಜಾಗ, 24 ಪಾತ್ರ. ಓದಿದವರೆಲ್ಲ ಕಣ್ಣೀರು ಹಾಕಿದರು. ಆದರೆ ನಿರ್ದೇಶಕರೊಬ್ಬರು "ಚೆನ್ನಾಗಿದೆ, ಆದರೆ ಇದು ಸೀರಿಯಲ್ಲು, ನಾಟಕ ಅಲ್ಲ" ಅಂದುಬಿಟ್ಟರು. 'ತುಘಲಕ್'ನಲ್ಲೂ ಬೇಕಾದಷ್ಟು ದೃಶ್ಯ, ಪಾತ್ರ ಇವೆಯಲ್ಲ? ಮೂರು ಅಂಕದ ನಿಯಮ ಕಲಿಯಬೇಕೇ? ಹಾಡು ಸೇರಿಸಲೇ? ಭಾಷೆ ನಮ್ಮ ಕಡೆಯದೇ ಇಡಲೇ, ಎಲ್ಲರಿಗೂ ತಿಳಿಯುವ ಹಾಗೆ ತಿದ್ದಲೇ? ದೊಡ್ಡಪ್ಪ ಇನ್ನೂ ಇದ್ದಾರೆ ಅನ್ನೋ ಅಳುಕೂ ಇದೆ. ಹಸ್ತಪ್ರತಿ ಕೈಬಿಟ್ಟರೆ ಯಾರಾದರೂ ಎತ್ತಿಕೊಂಡಾರು ಅನ್ನೋ ಭಯವೂ ಇದೆ. ಮಾದರಿಗೆ ಎರಡು ದೃಶ್ಯ, ಉಳಿದವುಗಳ ಸಾರಾಂಶ ಕಳಿಸಿದ್ದೇನೆ.

ಉತ್ತರ: ಸರ್, ನೀವು ಕಳಿಸಿದ ಒಂದನೇ ಮತ್ತು ಏಳನೇ ದೃಶ್ಯ ಓದಿದೆ. ಮೊದಲು ಒಂದು ಮಾತು. ನಿಮ್ಮ ಕಿವಿ ಚುರುಕಾಗಿದೆ. ಅಣ್ಣ ತಮ್ಮಂದಿರು ಜಗಳ ಆಡುವಾಗ ಹೇಗೆ ಮಾತಾಡುತ್ತಾರೆ, ಎಲ್ಲಿ ಮಾತು ನುಂಗುತ್ತಾರೆ ಅನ್ನೋದು ನಿಮಗೆ ಗೊತ್ತಿದೆ. ಅದನ್ನು ಯಾರೂ ಕಲಿಸೋಕೆ ಆಗುವುದಿಲ್ಲ. ಉಳಿದದ್ದು ಕಲಿಯಬಹುದು. ಹಾಗಾಗಿ ಈ ನಾಟಕ ಬಿಡಬೇಡಿ.

ಓದಿದಾಗ ಅಳಿಸುವ ಕತೆ ರಂಗಕ್ಕೆ ಯಾಕೆ ಒಗ್ಗುತ್ತಿಲ್ಲ ಅನ್ನೋದು ನಿಮ್ಮ ನಿಜವಾದ ಪ್ರಶ್ನೆ. ನಿರ್ದೇಶಕರ ಮಾತು ನಿಮಗೆ ನೋವು ಕೊಟ್ಟಿದೆ. ಆದರೆ ಅವರು ನಿಮ್ಮ ಕತೆಯ ಬಗ್ಗೆ ಹೇಳಿದ್ದಲ್ಲ. ಹಸ್ತಪ್ರತಿ ಕೈಗೆ ಬಂದ ಕೂಡಲೇ ರಂಗದ ಕೆಲಸ ಮಾಡುವ ನಾವೆಲ್ಲ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತೇವೆ. ಅವರೂ ಅದನ್ನೇ ಹಾಕಿರಬೇಕು.

ನಿಮ್ಮ ಎರಡು ದೃಶ್ಯ ಸೇರಿ 9 ಪುಟ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದರೆ 16 ನಿಮಿಷ ಆಯಿತು. ಆ ಲೆಕ್ಕದಲ್ಲಿ 118 ಪುಟಕ್ಕೆ ಮೂರೂವರೆ ಗಂಟೆ. ಈಗ ಹವ್ಯಾಸಿ ತಂಡಗಳು ಆಡುವ ಬಹಳಷ್ಟು ನಾಟಕ ಒಂದೂವರೆ, ಎರಡು ಗಂಟೆಯೊಳಗೆ ಮುಗಿಯುತ್ತವೆ. 32 ದೃಶ್ಯ ಅಂದರೆ ನಡುವೆ 31 ಬದಲಾವಣೆ. ಪ್ರತಿ ಸಲ ದೀಪ ಆರಿಸಿ ಕುರ್ಚಿ ಮೇಜು ಎತ್ತಿಡೋಕೆ ಅರ್ಧ ನಿಮಿಷ ಅಂದರೂ ಪ್ರೇಕ್ಷಕರು ಹದಿನೈದು ನಿಮಿಷಕ್ಕಿಂತ ಜಾಸ್ತಿ ಕತ್ತಲಲ್ಲಿ ಕೂತಿರುತ್ತಾರೆ. ಪ್ರತಿ ಕತ್ತಲಲ್ಲೂ ಯಾರೋ ಮೊಬೈಲ್ ತೆಗೆಯುತ್ತಾರೆ, ಯಾರೋ ಪಕ್ಕದವರ ಜೊತೆ ಮಾತು ಶುರು ಮಾಡುತ್ತಾರೆ. ನೀವು ಕಷ್ಟಪಟ್ಟು ಕಟ್ಟಿದ ಬಿಗಿ ಅಷ್ಟಕ್ಕೇ ಸಡಿಲ ಆಗುತ್ತದೆ. ಇನ್ನು 24 ಪಾತ್ರ. ಸಂಜೆ ಕೆಲಸ ಮುಗಿಸಿ ತಾಲೀಮಿಗೆ ಬರುವ ಹತ್ತು ಹನ್ನೆರಡು ಜನರ ತಂಡಕ್ಕೆ ಇದು ದೊಡ್ಡ ಹೊರೆ. ಒಬ್ಬೊಬ್ಬರಿಗೆ ಎರಡೆರಡು ಪಾತ್ರ ಕೊಡಬಹುದು, ಆದರೆ ನಿಮ್ಮ ಒಂದನೇ ದೃಶ್ಯದಲ್ಲಿ 11 ಜನ ಒಟ್ಟಿಗೇ ರಂಗದ ಮೇಲಿದ್ದಾರೆ.

ಈ ಲೆಕ್ಕ ಕಾಣುವ ಸಮಸ್ಯೆ ಮಾತ್ರ. ಬೇರು ಬೇರೆ ಕಡೆ ಇದೆ. ನಾವೆಲ್ಲ ಕತೆ ನೋಡೋದು ಕಲಿತದ್ದು ಸಿನಿಮಾ ಮತ್ತು ಟಿವಿಯಿಂದ. ಅಲ್ಲಿ ಅಣೆಕಟ್ಟು ಅಂದರೆ ಅಣೆಕಟ್ಟನ್ನೇ ತೋರಿಸಬಹುದು. ಆಫೀಸು ಅಂದರೆ ಆಫೀಸು, ಕೋರ್ಟು ಅಂದರೆ ಕೋರ್ಟು. ಕ್ಯಾಮೆರಾ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಹಾಗಾಗಿ ಬರೆಯುವವರೂ ಘಟನೆ ಎಲ್ಲಿ ನಡೆಯಿತೋ ಅಲ್ಲಿಗೇ ಹೋಗುತ್ತಾರೆ. ನೀವೂ ಅದನ್ನೇ ಮಾಡಿದ್ದೀರಿ. ಶಂಕುಸ್ಥಾಪನೆ ನಡೆದಲ್ಲಿಗೆ ಹೋದಿರಿ, ಸರ್ವೆ ನಡೆದಲ್ಲಿಗೆ ಹೋದಿರಿ, ಬ್ಯಾಂಕಿಗೆ, ವಕೀಲರ ಮನೆಗೆ, ಕೊನೆಗೆ ನೀರಿನ ದಂಡೆಗೆ. ಹೀಗೆ 14 ಜಾಗ ಆದವು.

ರಂಗದ ಕೆಲಸ ಶುರುವಾಗೋದೇ ಬೇರೆ ಕಡೆಯಿಂದ. ಇಲ್ಲಿ ಬರೆಯುವವರ ಮೊದಲ ತೀರ್ಮಾನ, ಯಾವುದು ರಂಗದ ಮೇಲೆ ಬರಬಾರದು ಅನ್ನೋದು. ಹೊರಗೆ ನಡೆಯೋದು ಹೊರಗೇ ನಡೆಯಲಿ. ಅದರ ಏಟು ಬಿದ್ದ ಇಬ್ಬರು ಮೂವರು ಮಾತ್ರ ನಮ್ಮೆದುರು ಇರಲಿ. ನನ್ನ ಕೈಗೆ ಬರುವ ಹೊಸಬರ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಎಡವೋದು ಇಲ್ಲೇ. ಮಾತು ಬರೆಯೋಕೆ ಬಾರದೆ ಸೋತದ್ದು ಕಡಿಮೆ. ಎಲ್ಲವನ್ನೂ ತೋರಿಸೋಕೆ ಹೋಗಿ ಸೋತದ್ದೇ ಜಾಸ್ತಿ.

ನೀವೇ ಹೆಸರು ತೆಗೆದ 'ತುಘಲಕ್' ನೋಡೋಣ. ಗಿರೀಶ ಕಾರ್ನಾಡರು ಅದನ್ನು ಪ್ರಕಟಿಸಿದ್ದು 1964ರಲ್ಲಿ, ನಿಮ್ಮ ನಾಟಕ ಶುರುವಾಗುವ ವರ್ಷವೇ. ಅದರಲ್ಲಿ 13 ದೃಶ್ಯ ಇವೆ, ಪಾತ್ರಗಳೂ ಬಹಳ. ಆದರೂ ಅದು ಎಲ್ಲೂ ತಡೆಯೋದಿಲ್ಲ, ಓಡುತ್ತದೆ. ಯಾಕೆ ಅಂತ ಕಾರ್ನಾಡರೇ ಬರೆದಿದ್ದಾರೆ: ಅವರು ಚಿಕ್ಕಂದಿನಲ್ಲಿ ನೋಡಿದ ಕಂಪನಿ ನಾಟಕದ ರೀತಿ ಅದು. ಒಂದು ಆಳದ ದೃಶ್ಯ, ಒಂದು ಮುಂದಿನ ಪರದೆಯ ದೃಶ್ಯ. ಹಿಂದೆ ದರ್ಬಾರಿನ ಸೀನು ಕಟ್ಟುತ್ತಿದ್ದರೆ ಮುಂದೆ ರಸ್ತೆ ಪರದೆ ಬಿಟ್ಟು ಹಾಸ್ಯದವರು ಆಟ ಮುಂದುವರಿಸುತ್ತಿದ್ದರು. ಪ್ರೇಕ್ಷಕರು ಒಂದು ಗಳಿಗೆಯೂ ಸುಮ್ನೆ ಕೂರಬೇಕಾಗುತ್ತಿರಲಿಲ್ಲ. 'ತುಘಲಕ್'ನ ಅಜೀಜ್ ಮತ್ತು ಆಜಮ್ ಹುಟ್ಟಿದ್ದು ಆ ಮುಂದಿನ ಜಾಗದಿಂದ. ಅಂದರೆ ಅಲ್ಲಿ ದೃಶ್ಯಗಳು ಜಾಸ್ತಿ ಇದ್ದರೂ ಬದಲಾವಣೆಯ ದಾರಿ ಬರೆಯುವಾಗಲೇ ಗೊತ್ತಿತ್ತು.

ಅದಕ್ಕಿಂತ ದೊಡ್ಡ ಪಾಠ ಅದೇ ನಾಟಕದ ಏಳನೇ ದೃಶ್ಯದಲ್ಲಿದೆ. ದೊರೆ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಬದಲಾಯಿಸುತ್ತಾನೆ. ಇಡೀ ನಗರದ ಜನ ಗಂಟುಮೂಟೆ ಕಟ್ಟಿ ನಡೆಯಬೇಕು. ಯೋಚಿಸಿ, ನಿಮ್ಮ ಮುಳುಗಡೆಯಷ್ಟೇ ದೊಡ್ಡ ಸಂಗತಿ ಅದು. ಕಾರ್ನಾಡರು ಸಾವಿರ ಜನರ ಮೆರವಣಿಗೆ ಬರೆಯಲಿಲ್ಲ. ದಾರಿಯ ನಡುವೆ ಒಂದು ಬಿಡಾರ. ಒಬ್ಬ ತಾಯಿ ಸಾಯುತ್ತಿರುವ ಕೂಸನ್ನು ಎತ್ತಿಕೊಂಡು ಬಂದು ವೈದ್ಯನ ಹತ್ತಿರ ಹೋಗೋಕೆ ಬಿಡಿ ಅಂತ ಬೇಡುತ್ತಾಳೆ. ಅಧಿಕಾರಿಯ ವೇಷದಲ್ಲಿರುವ ಅಜೀಜ್ ಲಂಚ ಕೇಳುತ್ತಾನೆ. ಅವಳಿಗೆ ಕೊಡೋಕೆ ಆಗುವುದಿಲ್ಲ. ಅವನು ಬಿಡುವುದಿಲ್ಲ. ಅಷ್ಟೇ. ಒಬ್ಬಳು ಹೆಂಗಸು, ಒಂದು ಕೂಸು, ಒಬ್ಬ ಅಧಿಕಾರಿ. ದಿಲ್ಲಿ ಖಾಲಿಯಾದದ್ದು ನೋಡುವವರ ಎದೆಗೆ ತಾಗುತ್ತದೆ. ನಿಮ್ಮ ನಾಟಕದಲ್ಲಿ ಎತ್ತಿನ ಗಾಡಿ, ಲಾರಿ, ಜನರ ಸಾಲು ಎಲ್ಲ ಇರುವ 19ನೇ ದೃಶ್ಯದ ಸಾರಾಂಶ ಬರೆದಿದ್ದೀರಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡಿ.

ಇದು ಹೊಸ ಮಾತೂ ಅಲ್ಲ. ಯುದ್ಧ, ರಾಜ್ಯ ಕಳೆದುಕೊಳ್ಳುವುದು, ಸಾವು, ನಗರಕ್ಕೆ ಮುತ್ತಿಗೆ ಇವನ್ನು ನೇರವಾಗಿ ತೋರಿಸದೆ ಪ್ರವೇಶಕಗಳ ಮೂಲಕ ತಿಳಿಸಬೇಕು ಅಂತ ನಾಟ್ಯಶಾಸ್ತ್ರವೇ ಹೇಳುತ್ತದೆ. ಇಬ್ಬರು ಸಣ್ಣ ಪಾತ್ರದವರು ಬಂದು ಹೊರಗೆ ಆದದ್ದನ್ನು ಮಾತಾಡಿಕೊಂಡು ಹೋಗುವ ಪುಟ್ಟ ಜೋಡಣೆ ಅದು. ಹಾಗಂತ ಅದನ್ನು ಕಾನೂನು ಅಂದುಕೊಳ್ಳಬೇಡಿ. ಸಂಸ್ಕೃತ ನಾಟಕಕಾರ ಭಾಸನ 'ಊರುಭಂಗ'ದಲ್ಲಿ ದುರ್ಯೋಧನ ನಮ್ಮ ಕಣ್ಣೆದುರೇ ಪ್ರಾಣ ಬಿಡುತ್ತಾನೆ. ಆದರೆ ಗಮನಿಸಿ, ಗದಾಯುದ್ಧವನ್ನು ಭಾಸ ಮೂವರು ಭಟರ ಬಾಯಲ್ಲಿ ಹೇಳಿಸಿ, ತೊಡೆ ಮುರಿದು ಬಿದ್ದ ಮೇಲಿನ ಹೊತ್ತನ್ನು ರಂಗಕ್ಕೆ ತಂದ. ಯಾವುದು ಹೊರಗೆ, ಯಾವುದು ಒಳಗೆ ಅಂತ ಆರಿಸೋದೇ ನಾಟಕಕಾರನ ಮುಖ್ಯ ಕೆಲಸ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಿಮ್ಮ ಏಳನೇ ದೃಶ್ಯಕ್ಕೆ ಬರೋಣ. ತಮ್ಮ ಪರಿಹಾರದ ಕಾಗದಕ್ಕೆ ಅಣ್ಣನ ಸಹಿ ಕೇಳೋಕೆ ಬರುತ್ತಾನೆ. ನೀವು ಹೀಗೆ ಶುರು ಮಾಡಿದ್ದೀರಿ:

ತಮ್ಮ: ಅಣ್ಣಾ, ನಿನಗ ಗೊತ್ತೈತಿ, ನಮ್ಮಪ್ಪ ಈ ಮನೀ ಕಟ್ಟಸುವಾಗ ಎಷ್ಟ ಕಷ್ಟ ಪಟ್ಟಾನ. ಈಗ ಸರಕಾರದವರು ನೋಟಿಸ್ ಕೊಟ್ಟಾರ. ಊರಾಗ ಎಲ್ಲಾರೂ ಸಹಿ ಮಾಡ್ಯಾರ. ನಿನ್ನ ಸಹಿ ಸಲುವಾಗಿ ನಮ್ಮ ಪರಿಹಾರ ನಿಂತೈತಿ. ನನ್ನ ಮಗಳ ಲಗ್ನಕ್ಕ ರೊಕ್ಕ ಬೇಕು.

ಮಾತು ಸಹಜವಾಗಿದೆ, ಆದರೆ ಇದರಲ್ಲಿ ಅಣ್ಣನಿಗೆ ಗೊತ್ತಿಲ್ಲದ್ದು ಒಂದೂ ಇಲ್ಲ. "ನಿನಗ ಗೊತ್ತೈತಿ" ಅಂತ ಶುರುವಾಗುವ ಮಾತು ಯಾವಾಗಲೂ ಪ್ರೇಕ್ಷಕರಿಗೆ ಹೇಳುವ ಮಾತು. ತಮ್ಮ ಅಣ್ಣನ ಕಡೆ ನಿಂತು ನಮ್ಮ ಕಡೆ ಮಾತಾಡುತ್ತಿದ್ದಾನೆ. ನಟ ಎಷ್ಟೇ ಒಳ್ಳೆಯವನಾದರೂ ಇಂಥ ಮಾತಿನಲ್ಲಿ ಮಾಡೋಕೆ ಏನೂ ಇರುವುದಿಲ್ಲ. ಇನ್ನೊಂದು, ಅವನು ಬಂದ ಕೆಲಸ ಮೊದಲ ಉಸಿರಿನಲ್ಲೇ ಪೂರ್ತಿ ಹೇಳಿಬಿಟ್ಟ. ಮುಂದೆ ಉಳಿದದ್ದು ಹೌದು, ಇಲ್ಲ ಅನ್ನೋ ವಾದ. ನೀವು ಅದನ್ನು ನಾಲ್ಕು ಪುಟ ಎಳೆದಿದ್ದೀರಿ.

ಇದನ್ನೇ ಹೀಗೆ ಮಾಡಿ ನೋಡಿ. ನಿಮ್ಮ ಮಾತು ನನ್ನ ಬಾಯಲ್ಲಿ ಪೂರ್ತಿ ಸರಿ ಬರಲಿಕ್ಕಿಲ್ಲ, ಆಮೇಲೆ ನೀವೇ ತಿದ್ದಿಕೊಳ್ಳಿ.

(ಅಣ್ಣ ತಲಬಾಗಿಲ ಅಗುಳಿಗೆ ಎಣ್ಣೆ ಬಿಡುತ್ತಿದ್ದಾನೆ. ತಮ್ಮ ಕಾಗದ ಹಿಡಿದು ಬರುತ್ತಾನೆ.)

ತಮ್ಮ: ಒಂದ್ ಸಹಿ ಬೇಕಾಗೇತಿ.

ಅಣ್ಣ: ಚಾ ಕುಡದೀ?

ತಮ್ಮ: ಆಫೀಸು ಐದಕ್ಕ ಬಂದ್ ಆಗತೈತಿ ಅಣ್ಣ.

ಅಣ್ಣ: ಈ ಅಗಳಿ ನೋಡು, ಬಿಗಿ ಆಗೇತಿ. ಆ ಕಡೆಯಿಂದ ಬಾಗಲಾ ಒತ್ತಿ ಹಿಡಿ.

(ತಮ್ಮ ಕಾಗದವನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಬಾಗಿಲು ಹಿಡಿಯುತ್ತಾನೆ. ಅಣ್ಣ ನಿಧಾನಕ್ಕೆ ಎಣ್ಣೆ ಬಿಡುತ್ತಾನೆ.)

ಅಣ್ಣ: ಈಗ ಸರಳ ಆತು.

ತಮ್ಮ: ಯಾರ ಹಾಕ್ಕೋತಾರ ಇನ್ನ ಈ ಬಾಗಲಾ?

ಅಣ್ಣ: ಇವತ್ತ ರಾತ್ರಿ ನಾ ಹಾಕ್ಕೋತೀನಿ.

ಇಲ್ಲಿ ಯಾರೂ ಅಪ್ಪನ ಕಷ್ಟ ಹೇಳಲಿಲ್ಲ, ಸರಕಾರದ ನೋಟಿಸು ಅನ್ನಲಿಲ್ಲ. ಆದರೆ ಮುಳುಗುವ ಮನೆಯ ಬಾಗಿಲಿಗೆ ಒಬ್ಬ ಎಣ್ಣೆ ಬಿಡುತ್ತಿದ್ದಾನೆ. ಅವನು ಸಹಿ ಹಾಕುವುದಿಲ್ಲ ಅನ್ನೋದು ಗೊತ್ತಾಯಿತು. ತಮ್ಮ ಬಂದದ್ದು ಒಂದು ಕೆಲಸಕ್ಕೆ, ಮಾಡುತ್ತಿರೋದು ಅಣ್ಣ ಹೇಳಿದ ಕೆಲಸ. ಕಾಗದ ಅವನ ಬಾಯಿಯಲ್ಲೇ ಇದೆ, ಹಾಗಾಗಿ ಕೇಳೋಕೇ ಆಗುತ್ತಿಲ್ಲ. ನಟರಿಗೆ ಮಾಡೋಕೆ ಏನೋ ಸಿಕ್ಕಿತು. ಮಗಳ ಮದುವೆಯ ಮಾತು ಈಗಲೇ ಬೇಡ. ಅಣ್ಣ ಇನ್ನೂ ಎರಡು ಸಲ ತಪ್ಪಿಸಿಕೊಂಡ ಮೇಲೆ, ತಮ್ಮನಿಗೆ ಬೇರೆ ದಾರಿಯೇ ಇಲ್ಲದಾಗ, ಅದನ್ನು ಬಾಯಿ ಬಿಡಲಿ. ಆಗ ಅದು ಮಾಹಿತಿ ಆಗಿ ಉಳಿಯೋದಿಲ್ಲ, ಏಟು ಆಗುತ್ತದೆ.

ಪ್ರತಿ ದೃಶ್ಯಕ್ಕೂ ಈ ಮೂರು ಪ್ರಶ್ನೆ ಕೇಳಿ. ಬಂದವರು ಯಾರಿಂದ ಏನು ಕೇಳೋಕೆ ಬಂದರು? ಅದನ್ನು ಕೊಡೋಕೆ ಎದುರಿನವರಿಗೆ ಯಾಕೆ ಆಗುತ್ತಿಲ್ಲ? ದೃಶ್ಯ ಮುಗಿದಾಗ ಇಬ್ಬರ ನಡುವೆ ಏನು ಬದಲಾಯಿತು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ. ನಿಮ್ಮ ಒಂದನೇ ದೃಶ್ಯ, ಶಂಕುಸ್ಥಾಪನೆಯದು, ಮೊದಲ ಪ್ರಶ್ನೆಗೇ ನಿಲ್ಲುವುದಿಲ್ಲ. 11 ಜನ ಇದ್ದಾರೆ, ಯಾರಿಗೂ ಯಾರಿಂದಲೂ ಏನೂ ಬೇಕಾಗಿಲ್ಲ. ಭಾಷಣ ಇದೆ, ಚಪ್ಪಾಳೆ ಇದೆ. 1964 ನಿಮಗೆ ಬೇಕೇ ಬೇಕು ಅಂದರೆ ಅಜ್ಜಿಯೊಬ್ಬಳು ಒಂದೇ ಸಾಲಿನಲ್ಲಿ ಅದನ್ನು ತರಬಹುದು.

ಮೂರು ಅಂಕದ ನಿಯಮದ ಬಗ್ಗೆ ಕೇಳಿದ್ದೀರಿ. ಅಂಥ ನಿಯಮ ಇಲ್ಲ. ಸಂಸ್ಕೃತದವರು ಕತೆ ಸಾಗುವ ಹಂತಗಳಿಗೆ ಐದು ಸಂಧಿ ಅಂದರು, ಕಂಪನಿಯವರು ಅಂಕ ಮತ್ತು ಸೀನುಗಳಲ್ಲಿ ಲೆಕ್ಕ ಹಾಕಿದರು, 'ತುಘಲಕ್'ನಲ್ಲಿ ಅಂಕಗಳೇ ಇಲ್ಲ. ಇವೆಲ್ಲ ಆದ ನಾಟಕಗಳನ್ನು ನೋಡಿ ಆಮೇಲೆ ಹೆಸರಿಟ್ಟದ್ದು. ಕಲಿತರೆ ತಪ್ಪಿಲ್ಲ, ಅದಕ್ಕೆ ಕಾದು ಕೂರಬೇಕಾಗಿಲ್ಲ. ಬೆಳಕಿನ ಸೂಚನೆಯೂ ಹಾಗೇ. ನೀವು "ನೀಲಿ ಬೆಳಕು ನಿಧಾನವಾಗಿ ಕೆಂಪಾಗುತ್ತದೆ" ಅಂತೆಲ್ಲ ಬರೆದಿದ್ದೀರಿ. ಅದು ಬೆಳಕು ಮಾಡುವವರಿಗೂ ನಿರ್ದೇಶಕರಿಗೂ ಬಿಟ್ಟ ಕೆಲಸ. ಪಾತ್ರ ಮಾಡಲೇಬೇಕಾದದ್ದು, ಇಲ್ಲದಿದ್ದರೆ ಕತೆಯೇ ತಿಳಿಯದು ಅನ್ನುವಂಥದ್ದು ಮಾತ್ರ ರಂಗಸೂಚನೆಯಲ್ಲಿ ಇರಲಿ. ಎಣ್ಣೆ ಬಿಡೋದು ಅಂಥದ್ದು.

ಇನ್ನು ದಾರಿಗಳು. ಈ ಕತೆಗೆ ನನಗೆ ನಾಲ್ಕು ಕಾಣುತ್ತವೆ.

ಒಂದು, ಎಲ್ಲವನ್ನೂ ಆ ಮನೆಗೇ ತಂದುಬಿಡುವುದು. ಮನೆ ಖಾಲಿ ಮಾಡೋಕೆ ಉಳಿದ ಕೊನೆಯ ಎರಡು ದಿನ. ಅಣ್ಣ, ತಮ್ಮ, ಅಣ್ಣನ ಹೆಂಡತಿ, ಅಜ್ಜಿ, ಕೊಟ್ಟ ಮನೆಯಿಂದ ಬಂದ ಅಕ್ಕ, ಅಳತೆಗೆ ಬರುವ ಆಫೀಸಿನವನು. ಆರು ಜನ ಸಾಕು. ಅಣೆಕಟ್ಟು, ಕೋರ್ಟು, ಬ್ಯಾಂಕು ಎಲ್ಲ ಹೊರಗೆ. ಈ ದಾರಿಯ ಅಪಾಯ ಏನೆಂದರೆ, ಕುರ್ಚಿ ಮೇಲೆ ಕೂತು ವಾದ ಮಾಡುವ ನಾಟಕ ಆಗಿಬಿಡಬಹುದು. ಅದಕ್ಕೆ ಮದ್ದು ನಿಮ್ಮ ಪತ್ರದಲ್ಲೇ ಇದೆ. "ತೊಲೆ, ಬಾಗಿಲು, ಕಿಟಕಿ ಎಲ್ಲ ಬಿಚ್ಚಿಕೊಂಡು ಹೋದೆವು" ಅಂತ ಬರೆದಿದ್ದೀರಿ. ಅದನ್ನೇ ರಂಗದ ಮೇಲೆ ಮಾಡಿಸಿ. ನಾಟಕ ನಡೀತಾ ನಡೀತಾ ಮನೆ ಒಂದೊಂದೇ ತುಂಡಾಗಿ ಬಿಚ್ಚಿಕೊಂಡು ಹೋಗಲಿ. ಕೊನೆಗೆ ಚೌಕಟ್ಟೊಂದೇ ಉಳಿಯಲಿ. ಅಕ್ಕ ಬಂದು "ಅಪ್ಪನ ನೆನಪಿಗೆ ತಲಬಾಗಿಲು ನನಗ ಕೊಡ್ರಿ" ಅಂದರೆ ಸಾಕು, ರೊಕ್ಕದ ಜಗಳ ಯಾವ ಭಾಷಣವೂ ಇಲ್ಲದೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಆದರೆ ಬಿಚ್ಚಿ ಜೋಡಿಸುವ ಮನೆ ಕಟ್ಟಿಸೋಕೆ ಖರ್ಚಿದೆ, ಊರಿಂದ ಊರಿಗೆ ಒಯ್ಯೋದು ಕಷ್ಟ. ಬಡ ತಂಡ ಆದರೆ ನಿಜವಾದ ಒಂದು ಬಾಗಿಲು ಇಟ್ಟುಕೊಂಡು ಉಳಿದದ್ದನ್ನು ನಟನೆಯಲ್ಲೇ ತೋರಿಸಬೇಕಾಗುತ್ತದೆ.

ಎರಡನೆಯದು, ಮೇಳದ ದಾರಿ. ನಿಮಗೆ 1964ರಿಂದ ಇವತ್ತಿನವರೆಗಿನ ಕಾಲ ಬಿಡೋಕೆ ಮನಸ್ಸಿಲ್ಲ ಅಂದರೆ ಇದೇ ಸರಿ. ಯಕ್ಷಗಾನದಲ್ಲಿ ಪಾತ್ರ ರಂಗದಲ್ಲಿ ಒಂದು ಸುತ್ತು ಹಾಕಿದರೆ ಕಾಡು ದಾಟಿ ಊರು ಮುಟ್ಟಿದ ಹಾಗೆ. ನಿಮ್ಮ ಕಡೆಯ ಬಯಲಾಟಗಳಾದ ಸಣ್ಣಾಟ, ದೊಡ್ಡಾಟಗಳಲ್ಲೂ ಜಾಗ ಬದಲಾಗೋಕೆ ಪರದೆ ಬೇಕಾಗಿಲ್ಲ, ಹಿಮ್ಮೇಳದ ಒಂದು ಪದ ಸಾಕು. ಎಂಟು ಜನರ ಮೇಳ 24 ಪಾತ್ರ ಆಡಬಹುದು, ಕತ್ತಲೇ ಬೇಕಾಗಿಲ್ಲ. ಅಪಾಯ ನಿರೂಪಕನದು. ಅವನು ಬಂದ ಕೂಡಲೇ ಬರೆಯುವವರಿಗೆ ಆಸೆ ಹುಟ್ಟುತ್ತದೆ, ಕಷ್ಟದ ಜಾಗವೆಲ್ಲ ಅವನ ಬಾಯಿಂದ ಹೇಳಿಸಿ ಮುಗಿಸೋಣ ಅಂತ. ಆಗ ಆಟ ನಿಂತು ಪಾಠ ಶುರುವಾಗುತ್ತದೆ. ಕಾರ್ನಾಡರ ಇನ್ನೊಂದು ನಾಟಕ 'ಹಯವದನ'ದಲ್ಲಿ ಕತೆ ನಿರೂಪಿಸುವ ಭಾಗವತನನ್ನು ಗಮನಿಸಿ. ಅವನು ಕತೆ ಹೇಳೋಕೆ ಹೊರಟರೆ ನಡುವೆಯೇ ಕುದುರೆ ತಲೆಯ ಮನುಷ್ಯನ ಸುದ್ದಿ ಬಂದು ಅವನೇ ಕಕ್ಕಾಬಿಕ್ಕಿ ಆಗುತ್ತಾನೆ. ನಿರೂಪಕನಿಗೂ ಗೊತ್ತಿಲ್ಲದ್ದು ಇರಬೇಕು, ಅವನಿಗೂ ಏನೋ ಬೇಕಾಗಿರಬೇಕು. ನಿಮ್ಮ ನಾಟಕದಲ್ಲಿ ಅವನು ಅಳತೆ ಟೇಪು ಹಿಡಿದ ಆಫೀಸಿನವನೇ ಆಗಿದ್ದರೆ? ಅವನ ಮನೆಯೂ ಮುಳುಗಡೆಯ ಗೆರೆಯ ಕೆಳಗೇ ಇದ್ದರೆ?

ಮೂರನೆಯದು ಕಂಪನಿ ನಾಟಕ. ಬಾದಾಮಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ನಿಮ್ಮ ಜಿಲ್ಲೆಗೇ ಬರುತ್ತವೆ. ಅಲ್ಲಿಗೆ ಬರುವ ಪ್ರೇಕ್ಷಕರಲ್ಲಿ ಮುಳುಗಡೆ ಕಂಡವರೇ ಎಷ್ಟೋ ಜನ. ಹವ್ಯಾಸಿ ತಂಡದ ನಾಟಕಕ್ಕೆ ಸಿಗದಷ್ಟು ಜನ ಅಲ್ಲಿ ಸಿಗುತ್ತಾರೆ. ಆದರೆ ಅಲ್ಲಿ ಹಾಡು ಬೇಕು, ಹಾಸ್ಯ ಬೇಕು, ಮಾಲೀಕರು ಹೇಳಿದ ಹಾಗೆ ತಿದ್ದಬೇಕು. ನಿಮ್ಮ ಕತೆಯ ಬೆಲೆ ಇರೋದು ಅಣ್ಣ ತಮ್ಮ ಇಬ್ಬರೂ ಸರಿ ಇರೋದರಲ್ಲಿ. ಒಳ್ಳೆ ಅಣ್ಣ, ಕೆಟ್ಟ ತಮ್ಮ ಅಂತ ಆಗಿಬಿಟ್ಟರೆ ಉಳಿಯೋದು ಬಹಳ ಕಡಿಮೆ. ನಾಲ್ಕನೆಯದು, ಈಗಿರುವ 118 ಪುಟವನ್ನು ಕಾದಂಬರಿಯಾಗಿ ಬೆಳೆಸುವುದು. ಅದು ಸೋಲಲ್ಲ. 14 ಜಾಗ, 24 ಜನ ಅಲ್ಲಿ ಹಾಯಾಗಿ ಇರಬಹುದು.

ನನ್ನನ್ನು ಕೇಳಿದರೆ ಮೊದಲನೆಯದನ್ನೇ ಹಿಡಿಯಿರಿ ಅನ್ನುತ್ತೇನೆ. ನಿಮ್ಮ ಶಕ್ತಿ ಇರೋದು ಇಬ್ಬರು ಎದುರುಬದುರು ನಿಂತ ಮಾತಿನಲ್ಲಿ.

ಹಾಡಿನ ಪ್ರಶ್ನೆಗೆ ಉತ್ತರ ಇಲ್ಲೇ ಬಂತು. ಮೇಳಕ್ಕೂ ಕಂಪನಿಗೂ ಹಾಡು ಬೇಕು, ಮನೆಯ ನಾಟಕಕ್ಕೆ ಬೇಕೇ ಬೇಕು ಅಂತಿಲ್ಲ. ದೃಶ್ಯ ಸಪ್ಪೆ ಆಗಿದೆ ಅಂತ ಹಾಡು ಸೇರಿಸಿದರೆ ಸಪ್ಪೆ ದೃಶ್ಯ ಇನ್ನಷ್ಟು ಉದ್ದ ಆಗುತ್ತದೆ. ಆದರೆ ಅಜ್ಜಿ ಬೀಸುವ ಕಲ್ಲನ್ನು ಒಯ್ಯೋಕೆ ಬಿಡದೆ ಅದರ ಮುಂದೆ ಕೂತು ಬೀಸುವ ಪದ ಹೇಳಿದರೆ, ಅದು ಅವಳ ಹಟ. ಅಂಥ ಹಾಡು ಇರಲಿ.

ಭಾಷೆ ಖಂಡಿತ ತಿದ್ದಬೇಡಿ. "ಬೆಂಗಳೂರಿನವರಿಗೆ ತಿಳಿಯೋದಿಲ್ಲ" ಅನ್ನೋದು ನಾನು ಬಹಳ ಕೇಳಿದ ಮಾತು, ಅದರಲ್ಲಿ ಹುರುಳಿಲ್ಲ. ಚಂದ್ರಶೇಖರ ಕಂಬಾರರು ಬೆಳಗಾವಿ ಕಡೆಯ ಮಾತಲ್ಲೇ ಬರೆದ 'ಜೋಕುಮಾರಸ್ವಾಮಿ'ಯನ್ನು ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನಲ್ಲೇ ಆಡಿಸಿದರು. ಅದು ಕನ್ನಡ ರಂಗದ ದೊಡ್ಡ ಹೆಸರಾಯಿತು. ಪ್ರೇಕ್ಷಕರು ಪದ ಬಿಟ್ಟರೂ ಆಸೆ, ಸಿಟ್ಟು ಬಿಡುವುದಿಲ್ಲ. ಒಂದೇ ಎಚ್ಚರಿಕೆ: ನಿಮ್ಮ ಎರಡೂ ದೃಶ್ಯದಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಾರೆ. ಅಜ್ಜಿಯ ಮಾತು ತಮ್ಮನ ಮಾತಿನ ಹಾಗೆ ಇರಬಾರದು. ನವನಗರದಲ್ಲಿ ಓದಿದ ಮಗಳದು ಇನ್ನೂ ಬೇರೆ. ಆಫೀಸಿನವನು "ಸದರಿ ಆಸ್ತಿ", "ಭೂಸ್ವಾಧೀನ" ಅಂತ ನೋಟಿಸಿನ ಕನ್ನಡ ಓದಲಿ, ಅಣೆಕಟ್ಟಿನ ನೀರು ನಿಲ್ಲುವ ಮಟ್ಟ 519.6 ಮೀಟರ್ ಅನ್ನಲಿ. ಅಜ್ಜಿ "ಅಂದರ ನೀರು ನನ್ನ ದೇವರ ಜಗಲಿಗೆ ಬರತೈತೋ ಇಲ್ಲೋ?" ಅಂತ ಕೇಳಲಿ. ಎರಡು ಕನ್ನಡ ಎದುರಾದರೆ ನಾಟಕ ಅಲ್ಲೇ ಇದೆ.

ದೊಡ್ಡಪ್ಪನ ವಿಷಯ ಸೂಕ್ಷ್ಮ. ಹೆಸರು, ಕಸುಬು, ಮಕ್ಕಳ ಸಂಖ್ಯೆ ಬದಲಾಯಿಸಿ. ಹಾಗೆ ಮಾಡಿದರೂ ಊರಿನವರು ಗುರುತು ಹಿಡಿಯುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಬರೆಯುವವರಾಗಿ ನೀವು ಮಾಡಬೇಕಾದದ್ದು ಅದಕ್ಕಿಂತ ಕಷ್ಟದ ಕೆಲಸ. ಈಗಿನ ಪ್ರತಿಯಲ್ಲಿ ನೀವು ನಿಮ್ಮಪ್ಪನ ಪಕ್ಷ. ತಮ್ಮನಿಗೆ ಮಗಳ ಮದುವೆ ಇದೆ, ಸಾಲ ಇದೆ, ಕಣ್ಣೀರಿದೆ. ಅಣ್ಣನಿಗೆ ಹಟ ಬಿಟ್ಟರೆ ಏನೂ ಇಲ್ಲ. ಅಣ್ಣನ ಪರವಾಗಿ ಅವನಿಗಿಂತ ಚೆನ್ನಾಗಿ ವಾದ ಮಾಡಿ. ಸಹಿ ಹಾಕದೆ ಇರೋಕೆ ಅವನಿಗಿರುವ ಕಾರಣ ಕೇಳಿ ಪ್ರೇಕ್ಷಕರು ಅರ್ಧ ಜನ ಅವನ ಕಡೆ ವಾಲಬೇಕು. ಸಾಧ್ಯವಾದರೆ ದೊಡ್ಡಪ್ಪನ ಹತ್ತಿರ ಹೋಗಿ ಕೂತು, ಆಗ ಏನಾಯಿತು ಅಂತ ಅವರ ಬಾಯಿಂದಲೇ ಕೇಳಿ. ನಾಟಕ ಬರೆಯುತ್ತಿದ್ದೇನೆ ಅಂತ ಮೊದಲೇ ಹೇಳಿ. ಬೇಡ ಅಂದರೆ ಆಗ ಬೇರೆ ಯೋಚನೆ ಮಾಡಬೇಕಾಗುತ್ತದೆ. ಆದರೆ ಬೆನ್ನ ಹಿಂದೆ ಬರೆದು, ಪ್ರದರ್ಶನದ ದಿನ ಅವರಿಗೆ ಗೊತ್ತಾಗುವ ಹಾಗೆ ಮಾಡಬೇಡಿ.

ಹೊಸ ಕರಡು ಆದ ಮೇಲೆ ಯಾರಿಗೂ ಓದೋಕೆ ಕೊಡಬೇಡಿ. ಓದಿ ಅತ್ತವರು ನಿಮ್ಮ ಕತೆಗೆ ಅತ್ತರು, ಅದು ನಿಜವಾದ ಕಣ್ಣೀರೇ. ಆದರೆ ನಾಟಕದ ಪರೀಕ್ಷೆ ಕಿವಿಯಿಂದ. ನಿಮ್ಮ ಶಾಲೆಯ ಒಂದು ಕೋಣೆ ಸಾಕು. ಆರು ಜನ ಸಹೋದ್ಯೋಗಿಗಳಿಗೆ ಒಂದೊಂದು ಪಾತ್ರ ಹಂಚಿ ಗಟ್ಟಿಯಾಗಿ ಓದಿಸಿ. ನೀವು ಓದಬೇಡಿ, ವಿವರಣೆ ಕೊಡಬೇಡಿ. ಪೆನ್ಸಿಲ್ ಹಿಡಿದು ಕೂತು ಓದುವವರು ತಡವರಿಸಿದ ಕಡೆ ಒಂದು ಗೆರೆ, ಕೇಳುವವರು ಅಲುಗಾಡಿದ ಕಡೆ ಇನ್ನೊಂದು ಗೆರೆ ಹಾಕಿ. ನಾಲಿಗೆ ತಡವರಿಸಿದರೆ ವಾಕ್ಯ ಉದ್ದ ಆಗಿದೆ ಅಂತ. ಮೈ ಅಲುಗಾಡಿದರೆ ಅಲ್ಲಿ ಯಾರಿಗೂ ಏನೂ ಬೇಕಾಗಿಲ್ಲ ಅಂತ. ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. "ಅಣ್ಣ ಯಾಕೆ ಸಹಿ ಹಾಕಲಿಲ್ಲ?" ಅಂತ ಕೇಳಿ. ಬಂದ ಉತ್ತರ ನೀವು ಬರೆದದ್ದಕ್ಕೆ ಹೊಂದುತ್ತದಾ ನೋಡಿ.

ಕಳವಿನ ಭಯಕ್ಕೆ ಬರೋಣ. ಭಾರತದ ಕಾನೂನಿನಲ್ಲಿ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ವ್ಯಾಜ್ಯ ಬಂದಾಗ ಸಾಕ್ಷಿಗೆ ಅನುಕೂಲ. ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಆದರೆ ಅದು ನೀವು ಬರೆದ ರೂಪಕ್ಕೆ ಮಾತ್ರ. ಮುಳುಗಡೆಯ ಮನೆ, ಅಣ್ಣ ತಮ್ಮರ ಜಗಳ ಅನ್ನೋ ವಿಷಯ ಎಲ್ಲರದೂ, ಅದನ್ನು ಯಾರು ಬೇಕಾದರೂ ಬರೆಯಬಹುದು. ಪ್ರತಿ ಕರಡನ್ನೂ ದಿನಾಂಕ ಹಾಕಿ ನಿಮಗೇ ಒಂದು ಇಮೇಲ್ ಕಳಿಸಿಕೊಂಡು ಇಡಿ. ನನ್ನ ಅನುಭವದಲ್ಲಿ ಕದಿಯುವವರಿಗಿಂತ ಕೇಳದೆ ಕತ್ತರಿಸುವವರು ಜಾಸ್ತಿ. ಹಾಗಾಗಿ ತಂಡಕ್ಕೆ ಕೊಡುವಾಗ ಒಂದು ಪುಟದ ಪತ್ರ ಮಾಡಿಕೊಳ್ಳಿ: ಎಷ್ಟು ಪ್ರದರ್ಶನ, ಎಲ್ಲಿಯವರೆಗೆ, ಗೌರವಧನ ಎಷ್ಟು, ಮಾತು ಬದಲಾಯಿಸುವಾಗ ನಿಮ್ಮನ್ನು ಕೇಳಬೇಕೋ ಬೇಡವೋ.

ಆ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ಮೊದಲ ತಂಡದ ತಾಲೀಮಿಗೆ ನೀವು ಬಂದು ಕೂರಬಹುದು ಅಂತ. ಕೂತಲ್ಲಿ ಮಾತಾಡಬೇಡಿ, ನಿರ್ದೇಶಕರ ಕೆಲಸಕ್ಕೆ ಅಡ್ಡ ಬರಬೇಡಿ. ಯಾವ ಮಾತನ್ನು ನಟರು ದಿನಾ ಮರೆಯುತ್ತಾರೆ ಅಂತ ಗುರುತು ಮಾಡಿಕೊಳ್ಳಿ. ಒಂದೇ ಜಾಗದಲ್ಲಿ ಮೂರು ಜನ ಮರೆತರೆ, ಆ ಮಾತು ಅಲ್ಲಿ ಬೇಕಾಗಿಲ್ಲ.